ಹಡೆದ ಮಕ್ಕಳಿಗೂ ವೈನಿ

ನನ್ನ ಹೆಂಡತಿ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಒಬ್ಬ ಹವಾಲ್ದಾರನ ಬಾಯಿ ಮುಚ್ಚಿಸಿದಳು! ನೂರು ಮಂದಿಯ ನಡುವೆ ನಿಂತು, ಪಟಪಟನೆ ಮಾತಾಡಿ, ಆ ಆರಡಿ ಎತ್ತರದ ಆಸಾಮಿಯನ್ನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯುವಂತೆ ಮಾಡಿದಳು. ನಾನು ಕಣ್ಣಾರೆ ಕಂಡವ. ಆಕೆ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಮಾತಾಡಿಸಲು ಬರುವವರು ಮೋರೆ ಇಳಿಬಿಟ್ಟುಕೊಂಡು ಬಂದು ಚಾಪೆಯ ಮೇಲೆ ಕೂಡುತ್ತಾರೆ. "ಏನ್ ಮಾಡೂದ್ರಿ ಮಾಸ್ತರ, ನಮ್ಮ ಕೈಯಾಗ ಏನೈತಿ" ಎನ್ನುತ್ತಾರೆ. ನಾನು, "ಅದಿರಲಿ, ಹುಬ್ಬಳ್ಳಿ ಸ್ಟೇಶನ್ನಿನ ಸುದ್ದಿ ನಿಮಗ ಗೊತ್ತೈತೋ ಇಲ್ಲೋ?" ಎಂದು ಶುರು ಮಾಡಿಬಿಡುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮಾಸ್ತರನ ತಲೆ ಕೆಟ್ಟಿತು ಎಂದುಕೊಂಡರೆ ಎಂದುಕೊಳ್ಳಲಿ. ಅಂಥ ಹೆಣ್ಣುಮಗಳ ಸುದ್ದಿಯನ್ನು ಮೆಲ್ಲಗೆ ಮೂಗು ಒರೆಸಿಕೊಂಡು ಹೇಳುವುದು ನನ್ನಿಂದ ಆಗದ ಮಾತು.

ಆದರೆ ಅವರಿಗೆಲ್ಲ ನಾನು ಹೇಳುವುದು ಅರ್ಧ ಸುದ್ದಿ ಮಾತ್ರ. ಉಳಿದರ್ಧವನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದ ಒಂದು ಕನ್ನಡ ಶಾಲೆಯ ಮಾಸ್ತರ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಓಣಿಯಲ್ಲಿ ನಡೆದರೆ ಗೋಲಿ ಆಡುವ ಹುಡುಗರು ಗೋಲಿ ಬಿಟ್ಟು ಓಡುತ್ತಾರೆ. ನಮ್ಮದು ಆಗ ತುಂಬಿದ ಮನೆ: ನನ್ನ ಅಪ್ಪ, ಅವ್ವ, ಇನ್ನೂ ಲಗ್ನವಾಗದ ಇಬ್ಬರು ತಮ್ಮಂದಿರು. ಪಕ್ಕದ ಮುಗದ ಎಂಬ ಊರಿನಿಂದ ಸೊಸೆಯಾಗಿ ಬಂದ ಆಕೆ ನಡೆಯುವುದಕ್ಕಿಂತ ಓಡಿದ್ದೇ ಹೆಚ್ಚು. ಮಾತೂ ಹಾಗೆಯೇ, ಒಂದರ ಬಾಲ ಹಿಡಿದು ಇನ್ನೊಂದು. "ಕಾಲಿಗೆ ಗಾಲಿ ಕಟಗೊಂಡು ಬಂದಾಳ ನನ್ನ ಸೊಸಿ" ಎಂದು ನನ್ನ ಅವ್ವ ಓಣಿಯ ಹೆಂಗಸರ ಮುಂದೆ ದೂರಿದಂತೆ ಮಾಡಿ ಹೊಗಳುತ್ತಿದ್ದಳು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ಬಂದ ದಿನದಿಂದಲೇ ತಮ್ಮಂದಿರು ಶುರು ಹಚ್ಚಿಕೊಂಡರು. ವೈನೀ, ನೀರು! ವೈನೀ, ರೊಟ್ಟಿ! ವೈನೀ, ನನ್ನ ಟೊಪಗಿ ಎಲ್ಲಿ? ಬೆಳಗಿನಿಂದ ಸಂಜೆಯವರೆಗೆ ನಮ್ಮ ಮನೆಯಲ್ಲಿ ಅದೊಂದೇ ಕೂಗು.

ನಮ್ಮ ದೊಡ್ಡ ಮಗಳು ಮೊದಲು ಬಾಯಿಬಿಟ್ಟು ಆಡಿದ ಮಾತೂ ಅದೇ. ಅಂಬೆಗಾಲಿಕ್ಕುತ್ತ ಅಡುಗೆಮನೆಯ ಹೊಸ್ತಿಲಿಗೆ ಹೋಗಿ, ತನ್ನ ತಾಯಿಯ ಕಡೆ ಕೈಚಾಚಿ, ತೊದಲುತ್ತ "ವೈನಿ" ಎಂದಿತು. ಅಬ್ಬಬ್ಬಾ, ಮನೆಯಲ್ಲಿ ಎಂಥ ನಗೆ! ಅಪ್ಪ ಎಲೆ ಅಡಿಕೆ ಉಗುಳಿ ಬಂದು ಮತ್ತೊಮ್ಮೆ ಅನ್ನಿಸಿದರು. ಅವ್ವ ಕೂಸಿನ ಬಾಯಿಗೆ ಸಕ್ಕರೆ ಹಾಕಿದಳು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವನು ನಾನು. ಆಕೆಯೂ ನಕ್ಕಳು, ನಕ್ಕು ಒಲೆಯ ಕಡೆ ತಿರುಗಿದಳು. ಆಕೆ ಮಾಡಿದ ರೊಟ್ಟಿ ಹೊತ್ತಿದ್ದನ್ನು ನಾನು ಕಂಡದ್ದು ಅದೊಂದೇ ದಿವಸ.

ಇದೇನೂ ನಮ್ಮ ಮನೆಯ ವಿಚಿತ್ರವಲ್ಲ. ಕೂಡಿದ ಮನೆಗಳಲ್ಲಿ ಮಕ್ಕಳು ದೊಡ್ಡವರು ಕರೆದಂತೆ ಕರೆಯುತ್ತವೆ. ನನ್ನ ತಾಯಿಗೆ ನಾವೆಲ್ಲ ಅವ್ವ ಎನ್ನುತ್ತಿದ್ದೆವು, ಆದ್ದರಿಂದ ಮೊಮ್ಮಕ್ಕಳಿಗೂ ಆಕೆ ಅವ್ವ. ನನ್ನ ತಂದೆ ಮೊಮ್ಮಕ್ಕಳಿಗೂ ಅಪ್ಪ. ನಾನು ಅಣ್ಣ. ಹಡೆದವಳು ವೈನಿ. ಎರಡನೆಯ ಮಗಳು ಹುಟ್ಟಿದಳು, ಅವಳಿಗೂ ವೈನಿಯೇ. ಓಣಿಯಲ್ಲಿ ಯಾರೂ ಹುಬ್ಬೇರಿಸಲಿಲ್ಲ.

ಒಂದು ಮುಂಜಾನೆ ನಾನು ಹಿತ್ತಲಲ್ಲಿ ಹಲ್ಲು ತಿಕ್ಕುತ್ತ ನಿಂತಿದ್ದೆ. ಆಕೆ ಸಣ್ಣವಳಿಗೆ ನೀರು ಎರೆಯುತ್ತಿದ್ದಳು. ನಾನಿದ್ದದ್ದು ಗೊತ್ತಿರಲಿಲ್ಲ. ಕೂಸಿನ ಗದ್ದ ಹಿಡಿದುಕೊಂಡು, "ಅವ್ವಾ ಅನ್ನು. ಒಮ್ಮೆ ಅನ್ನು, ಬೆಲ್ಲ ಕೊಡತೇನಿ" ಎಂದು ಮೆಲ್ಲಗೆ ಹೇಳುತ್ತಿದ್ದಳು. ಆ ಖೋಡಿ ಹುಡುಗಿ ದೊಡ್ಡ ದನಿ ತೆಗೆದು, "ಅವ್ವಾ!" ಎಂದು ಮನೆಯ ಕಡೆ ಮುಖ ಮಾಡಿ ಕೂಗಿತು. ಒಳಗಿನಿಂದ ನನ್ನ ಅವ್ವ, "ಏನ ನನ ಬಂಗಾರಾ, ಕರದ್ಯಾ? ಬಂದ್ನಿ ತಡಿ" ಎಂದಳು. ಇತ್ತ ನನ್ನ ಹೆಂಡತಿ ತಟ್ಟನೆ ಒಂದು ಚೊಂಬು ನೀರನ್ನು ಕೂಸಿನ ತಲೆಯ ಮೇಲೆ ಸುರಿದಳು. ನನಗೆ ಆಗಲೂ ನಗೆ ಬಂತು, ನೋಡಿ. ಎಂಥ ಮಬ್ಬ ನಾನು!

ಇನ್ನೊಂದು ಪದ್ಧತಿಯನ್ನೂ ಇಲ್ಲಿಯೇ ಹೇಳಬೇಕು. ಹಿರಿಯರ ಮುಂದೆ ಗಂಡಸು ತನ್ನ ಕೂಸನ್ನು ತಾನು ಎತ್ತಿಕೊಳ್ಳಬಾರದು. ತಮ್ಮನ ಮಗನನ್ನು ಎತ್ತಿಕೊಳ್ಳಬಹುದು, ನೆರೆಮನೆಯ ಕೂಸನ್ನು ಎತ್ತಿಕೊಳ್ಳಬಹುದು. ತನ್ನದನ್ನು ಎತ್ತಿ ಮುದ್ದಾಡಿದವ ನಾಚಿಕೆಗೆಟ್ಟವ ಎನಿಸಿಕೊಳ್ಳುತ್ತಿದ್ದ. ನಮ್ಮ ಮನೆಯಲ್ಲಿ ಅಪ್ಪ, ಅವ್ವ ಸದಾ ಕಣ್ಣೆದುರಿಗೇ. ಹೀಗಾಗಿ ನನ್ನ ಮಕ್ಕಳು ನನ್ನ ಕಣ್ಣಮುಂದೆ ಬೆಳೆದವೇ ಹೊರತು ಕೈಯಲ್ಲಿ ಬೆಳೆಯಲಿಲ್ಲ.

ಈಗ ಹುಬ್ಬಳ್ಳಿಗೆ ಬರುತ್ತೇನೆ. ಆಕೆಯ ತಂಗಿಯನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು, ಚೊಚ್ಚಲ ಬಸುರಿ, ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ಶಾಲೆಯ ಸೂಟಿಯ ದಿನಗಳು. ದೊಡ್ಡವಳಿಗೆ ಎಂಟು, ಸಣ್ಣವಳಿಗೆ ಮೂರೂವರೆ. ಅವ್ವ ಎಂದೂ ಇಲ್ಲದ ಉದಾರತನದಿಂದ "ಹೋಗಿ ಬರ್ರಿ, ಸಂಜಿಮುಂದ ಮನ್ಯಾಗ ಇರ್ರಿ" ಎಂದಳು. ಆಕೆಯ ಸಂಭ್ರಮ ಏನು ಹೇಳಲಿ! ಇಳಕಲ್ಲ ಸೀರೆ ಉಟ್ಟು, ಎರಡೂ ಮಕ್ಕಳಿಗೆ ಬಿಗಿಯಾಗಿ ಜಡೆ ಹೆಣೆದು, ರೈಲಿನಲ್ಲಿ ಕಿಟಕಿಯ ಹತ್ತಿರ ಕೂತು ದಾರಿಯುದ್ದಕ್ಕೂ ಎಮ್ಮೆ ತೋರಿಸಿ, ಗಿಡ ತೋರಿಸಿ, ತಾನೇ ಮೂರನೆಯ ಮಗುವಾದಳು.

ಕಾರ್ಯ ಮುಗಿಸಿ, ಹೋಳಿಗೆ ಉಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಸ್ಟೇಶನ್ನಿಗೆ ಹೊರಟೆವು. ಸಣ್ಣವಳು ನಡೆಯಲೊಲ್ಲಳು. ನಾನು ಆಚೆ ಈಚೆ ನೋಡಿದೆ. ಹುಬ್ಬಳ್ಳಿಯಲ್ಲಿ ನಮ್ಮ ಹಿರಿಯರು ಯಾರಿದ್ದಾರೆ? ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡುಬಿಟ್ಟೆ! ಮೂರೂವರೆ ವರ್ಷದಲ್ಲಿ ಅದೇ ಮೊದಲು. ಅವಳು ನನ್ನ ಟೊಪಗಿಯ ಮೇಲೆ ಎರಡೂ ಕೈಯಿಂದ ಡಬಡಬ ಬಡಿಯತೊಡಗಿದಳು. ಬಡಿ ಮಗಳೇ, ಬಡಿ! ನನಗೆ ಆಗ ಆದ ಖುಷಿಗೆ ಹೆಸರು ಗೊತ್ತಿಲ್ಲ. ಆಕೆ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತ, "ಧಾರವಾಡದಾಗ ಇಲ್ಲದ ಅಣ್ಣ ಹುಬ್ಬಳ್ಳ್ಯಾಗ ಸಿಕ್ಕಾರ ನೋಡವಾ, ಗಟ್ಟಿ ಹಿಡಕೋ" ಎಂದಳು.

ಸ್ಟೇಶನ್ನಿನಲ್ಲಿ ಲಗ್ನಸರಾಯಿಯ ಗದ್ದಲ. ಟ್ರಂಕು, ಬಾಸಿಂಗ ಕಟ್ಟಿದ ಮದುಮಕ್ಕಳು, ಗಂಟುಮೂಟೆ, ಕಾಲಿಡಲು ಜಾಗವಿಲ್ಲ. ಆಕೆ ದೊಡ್ಡವಳನ್ನು ಕರೆದುಕೊಂಡು ತಂಬಿಗೆಗೆ ನೀರು ತುಂಬಿಸಲು ನಲ್ಲಿಯ ಕಡೆ ಹೋದಳು. ನಾನು ಕೂಸನ್ನು ಹೊತ್ತು ನಿಂತಿದ್ದೆ. ಅಷ್ಟರಲ್ಲಿ ಎದುರಿಗೆ ಯಾರು? ಗದಗಿನ ನಮ್ಮ ಸೋದರಮಾವ! ಅವ್ವನ ಹಿರಿಯಣ್ಣ, ಮನೆಯವರೆಲ್ಲ ಹೆದರುವ ಮನುಷ್ಯ. ಬೆಂಕಿ ತಾಕಿದವನ ಹಾಗೆ ನಾನು ಕೂಸನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ನಿಲ್ಲಿಸಿದೆ. ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಅಪ್ಪನ ಆರೋಗ್ಯ, ಅವ್ವನ ಮಂಡಿನೋವು, ತಮ್ಮಂದಿರ ನೌಕರಿ, ಎಲ್ಲ ಕೇಳಿದರು. ಕೈಕಟ್ಟಿಕೊಂಡು ಹೌದ್ರಿ, ಹೌದ್ರಿ ಎಂದೆ. ಗದಗಿನ ಗಾಡಿ ಶಿಳ್ಳೆ ಹಾಕಿತು, ಅವರು ಹತ್ತಿದರು, ಗಾಡಿ ಹೊರಟಿತು. ತಿರುಗಿ ನೋಡುತ್ತೇನೆ, ಕೂಸಿಲ್ಲ.

 ಹೆಸರು ಹಿಡಿದು ಕೂಗಿದೆ. ಟ್ರಂಕುಗಳ ಹಿಂದೆ ನೋಡಿದೆ, ಬೆಂಚುಗಳ ಕೆಳಗೆ ಬಗ್ಗಿ ನೋಡಿದೆ. ಗದಗಿನ ಗಾಡಿಯ ಹಿಂದಿನ ಡಬ್ಬಿ ದೂರದಲ್ಲಿ ಸಣ್ಣದಾಗುತ್ತಿತ್ತು. ಅದರಲ್ಲಿ ಹತ್ತಿಬಿಟ್ಟಿದ್ದರೆ? ಹಳಿಯ ಕಡೆ ಹೋಗಿದ್ದರೆ? ಮಕ್ಕಳನ್ನು ಕದಿಯುವವರು ಬಂದಿದ್ದಾರೆ ಎಂದು ಆ ತಿಂಗಳಿಡೀ ಪುಕಾರು ಬೇರೆ. ಆಕೆ ನೀರು ತಂದಳು. ನನ್ನ ಖಾಲಿ ಹೆಗಲು ನೋಡಿ, "ಕೂಸೆಲ್ಲೈತ್ರಿ?" ಎಂದಳು. ನಾನೇನು ಮಾಡಿದೆ ಗೊತ್ತೇ? ಆಕೆಯ ಮೇಲೇ ಹರಿಹಾಯ್ದೆ. "ಒಂದ್ ತಂಬಿಗಿ ನೀರು ತರಾಕ ಇಷ್ಟೊತ್ತು ಬೇಕೇನು?" ಎಂದು ಚೀರಿದೆ. ಥೂ ನನ್ನ! ಆಕೆ ತಂಬಿಗೆಯನ್ನು ಅಲ್ಲಿಯೇ ಬಿಟ್ಟು, ದೊಡ್ಡವಳ ರಟ್ಟೆ ಹಿಡಿದುಕೊಂಡು ಮಂದಿಯ ನಡುವೆ ನುಗ್ಗಿದಳು. ನಾನು ಹಿಂದೆ ಓಡಿದೆ.

ಪೇರಲಹಣ್ಣು ಮಾರುವ ಮುದುಕಿಯೊಬ್ಬಳು, "ಹಸರು ಪರಕಾರದ ಕೂಸೇನವಾ? ಹವಾಲ್ದಾರ ಎತಗೊಂಡು ಮಾಸ್ತರ ಖೋಲಿಗೆ ಹೋದ ನೋಡು" ಎಂದು ಸ್ಟೇಶನ್ ಮಾಸ್ತರರ ಕೋಣೆಯ ಕಡೆ ಕೈ ಮಾಡಿದಳು. ಓಡಿ ಹೋದೆವು. ಟೇಬಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ ಮಹಾರಾಣಿ! ಕೈಯಲ್ಲಿ ಬಿಸ್ಕೀಟು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಮ್ಮನ್ನು ನೋಡಿ ಹಿಗ್ಗಿನಿಂದ "ವೈನೀ!" ಎಂದು ಕೂಗಿದಳು. ಆಕೆ ಒಳಗೆ ಹೋಗಬೇಕು, ಅಷ್ಟರಲ್ಲಿ ಹವಾಲ್ದಾರ ಬಾಗಿಲಿಗೆ ಕೈ ಅಡ್ಡ ಹಾಕಿದ.

"ತಡೀರಿ. ನೀವ್ಯಾರು?"

"ಕೂಸಿನ ತಾಯಿರಿ ನಾನು. ಇವರು ತಂದಿ."

ಅವನು ಮೀಸೆಯೊಳಗೇ ನಕ್ಕ. ನಾವು ಬರುವ ಮೊದಲೇ ಕೂಸಿನ ವಿಚಾರಣೆ ಮುಗಿಸಿದ್ದನಂತೆ. ಈಗ ನಮ್ಮೆದುರಿಗೆ ಮತ್ತೊಮ್ಮೆ ಕೇಳಿದ. "ಯಾರ ಜೋಡಿ ಬಂದೀಯವಾ?"

"ಅಣ್ಣಾ, ವೈನಿ ಜೋಡಿ."

"ನಿಮ್ಮವ್ವ ಎಲ್ಲದಾಳ?"

"ಅವ್ವ ಮನ್ಯಾಗ ಅದಾಳ. ಧಾರವಾಡದಾಗ."

"ನಿಮ್ಮಪ್ಪ?"

"ಅಪ್ಪನೂ ಮನ್ಯಾಗ. ಎಲಿ ಅಡಿಕಿ ತಿನ್ನಾಕತ್ತಾನ."

ಹವಾಲ್ದಾರ ನನ್ನ ಕಡೆ ತಿರುಗಿದ. "ಕೇಳಿದ್ರೆಲ್ಲ? ಅಣ್ಣ ಆದ್ರ ಅಣ್ಣ ಅನ್ರಿ, ವೈನಿ ಆದ್ರ ವೈನಿ ಅನ್ರಿ. ಅಪ್ಪ, ಅವ್ವ ಅಂತ ಯಾಕ ಸುಳ್ಳು ಹೇಳ್ತೀರಿ? ಸುಳ್ಳು ಹೇಳಿದ್ರಿ ಅಂದ ಮ್ಯಾಲ ನನಗ ಸಂಶೇ ಬರ್ತೈತಿ."

ಅವನ ಮಾತಿನಲ್ಲಿ ಏನು ತಪ್ಪಿದೆ ಹೇಳಿ? ನಾನು ಸಿಟ್ಟಿನಿಂದ ಕೂಗಾಡಿದೆ. ನಾನು ಧಾರವಾಡದ ಮಾಸ್ತರ ಎಂದೆ, ನಮ್ಮ ಮನೆಯಲ್ಲಿ ಹಾಗೆ ಕರೆಯುವ ರೂಢಿ ಎಂದೆ. ಕೂಗಿದಷ್ಟೂ ಮಂದಿ ಕೂಡಿತು. "ಹುಡುಗರ ಕಳ್ಳರಂತ" ಎಂದು ಯಾರೋ ಹಿಂದಿನಿಂದ ಅಂದರು. ಹವಾಲ್ದಾರ ದೊಡ್ಡವಳನ್ನು ಮುಂದೆ ಕರೆದು, "ನೀ ಶಾಣ್ಯಾಕಿ ಇದ್ದಿ. ಖರೇ ಹೇಳು, ಇವರು ನಿನಗ ಏನಾಗಬೇಕು?" ಎಂದು ಆಕೆಯನ್ನು ತೋರಿಸಿದ. ಆ ಖಾಕಿ, ಆ ಮೀಸೆ ನೋಡಿ ಹೆದರಿದ್ದ ಹುಡುಗಿ, "ವೈನಿರಿ" ಎಂದು ಹೋ ಎಂದು ಅತ್ತಳು. ಮುಗಿಯಿತಲ್ಲ ನಮ್ಮ ಕಥೆ!

"ಕೂಸು ನಿಮ್ಮದಂದ್ರ ಗುರ್ತು ಹೇಳ್ರಿ. ಮೈಮ್ಯಾಲೆ ಕಲಿ, ಮಚ್ಚಿ, ಏನರ" ಎಂದು ಅವನು ನನ್ನನ್ನು ಕೇಳಿದ.  ನನ್ನ ಮಗಳ ಮೈಮೇಲೆ ಎಲ್ಲಿ ಮಚ್ಚೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಒಂದೂ ಗೊತ್ತಿರಲಿಲ್ಲ.

"ಅವರನ್ನ ಬಿಡ್ರಿ. ನನ್ನ ಕೇಳ್ರಿ" ಎಂದಳು ಆಕೆ.

ಆ ದನಿಯನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. "ಎಡಗಾಲ ಮೊಣಕಾಲ ಕೆಳಗ ಸುಟ್ಟ ಕಲಿ ಐತಿ, ಚೌತಿ ಮರುದಿನ ಹಂಚು ತಾಕಿದ್ದು. ಬೆನ್ನ ಮ್ಯಾಲ ಎರಡು ಮಚ್ಚಿ ಅದಾವು, ಒಂದು ದೊಡ್ಡದು, ಒಂದು ಸಾಸಿವಿಕಾಳಷ್ಟು. ಬಲಗಿವಿ ತೂತು ಸೊಟ್ಟ ಆಗೈತಿ, ಚುಚ್ಚುವಾಗ ಅಕ್ಕಸಾಲಿಗನ ಕೈ ಕಡದಾಳ. ನೆತ್ತಿ ಮ್ಯಾಲ ಎರಡು ಸುಳಿ. ಹಾಲು ಕಂಡ್ರ ಓಡತಾಳ, ಮಜ್ಜಿಗಿ ಕಂಡ್ರ ಕುಣೀತಾಳ. ನಿದ್ದಿ ಬಂತಂದ್ರ ಎಡಗಿವಿ ಹಿಡಕೊಂಡು ಜಗ್ಗತಾಳ. ನೋಡ್ರಿ, ನೋಡ್ರಿ, ಈಗ ಜಗ್ಗಾಕತ್ತಾಳ!"

ಎಲ್ಲರೂ ಒಮ್ಮೆಲೇ ಕತ್ತು ತಿರುಗಿಸಿದರು. ಬಿಸ್ಕೀಟು ಮುಗಿಸಿದ ನನ್ನ ಮಗಳು ಆಕಳಿಸುತ್ತ, ಕೂತಲ್ಲೇ ತೂಗುತ್ತ, ಎಡಗಿವಿಯನ್ನು ಹಿಡಿದು ಜಗ್ಗುತ್ತಿದ್ದಳು! ಮಂದಿಯೆಲ್ಲ ಹೋ ಎಂದರು. ಸ್ಟೇಶನ್ ಮಾಸ್ತರರು ಪರಕಾರ ಸರಿಸಿ ಮೊಣಕಾಲು ನೋಡಿದರು, ಕಲೆ ಅಲ್ಲಿಯೇ ಇತ್ತು.

"ಏನರ ಅನ್ನಲಿ ಅವು ನನಗ" ಎಂದಳು ಆಕೆ.  "ವೈನಿ ಅನ್ನಲಿ, ಮತ್ತೊಂದು ಅನ್ನಲಿ. ಹಡದಾಕಿ ನಾನು. ಸರೀರಿ ಆ ಕಡೆ!"

ಸರಿದ ನೋಡಿ! ಆರಡಿ ಹವಾಲ್ದಾರ ಬಾಗಿಲು ಬಿಟ್ಟು ಸರಿದು ನಿಂತ. ಪೇರಲಹಣ್ಣಿನ ಮುದುಕಿ, "ಭಲೇ ನನ್ನ ಮಗಳ!" ಎಂದು ಅಲ್ಲಿಂದಲೇ ಕೂಗಿದಳು. ಆಕೆ ಒಳಗೆ ನುಗ್ಗಿ ಕೂಸನ್ನು ಅವಚಿಕೊಂಡಳು. ಹವಾಲ್ದಾರ ಕೆಟ್ಟ ಮನುಷ್ಯನಲ್ಲ, ಕೈ ಮುಗಿದು "ತಪ್ಪು ತಿಳೀಬ್ಯಾಡ್ರಿ ತಾಯಿ" ಎಂದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಊರ ಮಕ್ಕಳಿಗೆ ಕಲಸ್ತೀರಿ ಮಾಸ್ತರ, ನಿಮ್ಮ ಮಕ್ಕಳಿಗೆ ಅವ್ವಾ ಅನ್ನಾಕ ಕಲಸ್ರಿ" ಎಂದ.

ಇಲ್ಲಿಯವರೆಗಿನದು ನಾನು ಎಲ್ಲರಿಗೂ ಹೇಳುವ ಸುದ್ದಿ. ಕೇಳಿದವರು ಚಪ್ಪಾಳೆ ತಟ್ಟುವುದೊಂದು ಬಾಕಿ.

ಉಳಿದದ್ದು ನಡೆದದ್ದು ರೈಲಿನಲ್ಲಿ. ಮಕ್ಕಳಿಬ್ಬರೂ ಆಕೆಗೆ ಒರಗಿ ನಿದ್ದೆ ಹೋಗಿದ್ದರು. ಅಮರಗೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಹೋಗುವಾಗ ಎಮ್ಮೆ, ಗಿಡ ತೋರಿಸಿದವಳು ಈಗ ಕಿಟಕಿಯ ಕಡೆ ತಿರುಗಿಯೂ ನೋಡದೆ ಕೂಸಿನ ಜಡೆ ನೇವರಿಸುತ್ತಿದ್ದಳು. ಒಮ್ಮೆಲೇ, "ಏನ್ರೀ, ಒಂದು ಕೇಳತೇನಿ, ಸಿಟ್ಟಾಗಬ್ಯಾಡ್ರಿ" ಎಂದಳು.

"ಕೇಳು."

"ಮಕ್ಕಳು ನನಗ ಅವ್ವಾ ಅನ್ನಲಿ. ಅತ್ತಿಯವರಿಗೆ ಆಯಿ ಅನ್ನಲಿ. ನಾನು ಹೇಳಿದ್ರ ಸೊಸಿ ಬಂದು ಕಸಗೊಂಡ್ಲು ಅಂತಾರ. ನೀವು ಹೇಳಿದ್ರ ಯಾರೂ ಏನೂ ಅನ್ನೂದಿಲ್ಲ. ಮದುವ್ಯಾಗಿ ಬಂದು ಏನೂ ಕೇಳಿಲ್ಲ ನಿಮಗ. ಇದೊಂದು ಕೇಳತೇನಿ."

 ಹೆಗಲಿನಿಂದ ಕೂಸನ್ನು ಇಳಿಸಿದವನು ನಾನು, ಮಚ್ಚೆ ಗೊತ್ತಿಲ್ಲದವನು ನಾನು, ಎಲ್ಲ ಮಾಡಿ ಆಕೆಯ ಮೇಲೆ ಚೀರಿದವನೂ ನಾನು. ನನಗೆ ಹುರುಪು ಏರಿತು. "ಹೇಳತೇನಿ! ಇವತ್ತ ಹೇಳತೇನಿ! ಹೊಸ್ತಲಾ ದಾಟಿದ ಕೂಡಲೆ ಹೇಳತೇನಿ, ಆಣಿ ಮಾಡ್ಲೇನು?" ಎಂದೆ. ಎದುರಿಗೆ ಕೂತವರು ಬೆಚ್ಚಿ ನೋಡಿದರು. ಆಕೆ ಕಣ್ಣೊರೆಸಿಕೊಂಡು ನಕ್ಕಳು. ಅಯ್ಯೋ, ಆ ನಗೆ! ಧಾರವಾಡ ಬರುವವರೆಗೂ ಆಕೆಯೇ ನನಗೆ ಪಾಠ ಹೇಳಿಕೊಟ್ಟಳು: ಊಟಕ್ಕೆ ಮೊದಲು ಹೇಳಬೇಕು, ನಗುನಗುತ್ತ ಹೇಳಬೇಕು, ಹವಾಲ್ದಾರನ ಮಾತು ತೆಗೆದು ಹೇಳಬೇಕು, ಅತ್ತೆಯವರ ಮನಸ್ಸು ನೋಯಬಾರದು.

ಮನೆ ಮುಟ್ಟಿದೆವು. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ದೊಡ್ಡವಳು ಓಡಿ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಅವ್ವ "ಅಯ್ಯ ಶಿವನ!" ಎಂದು ಸಣ್ಣವಳನ್ನು ಎಳೆದುಕೊಂಡು ಕಟ್ಟೆಯ ಮೇಲೆ ಕುಸಿದು ಕೂತಳು. "ನನ್ನ ಬಂಗಾರಾ, ಈ ಅವ್ವನ್ನ ಬಿಟ್ಟು ಎಲ್ಲಿಗೆ ಹೋಗಿದ್ದಿ? ನೀ ಸಿಗದಿದ್ರ ಈ ಅವ್ವ ಜೀವ ಇಟಗೋತಿದ್ಲೇನು?" ಎಂದು ಅತ್ತಳು. ಕೂಸು ಅವಳ ಕೊರಳು ತಬ್ಬಿ, "ಅವ್ವಾ, ಅಳಬ್ಯಾಡ" ಎಂದಿತು. ಆಕೆ ಹೊಸ್ತಿಲ ಹತ್ತಿರ ಗಂಟು ಹಿಡಿದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು, "ಕಾಲ ತೊಳಕೊಂಡು ಬರ್ತೇನಿ" ಎಂದು ಹಿತ್ತಲಿಗೆ ಹೋದೆ.

ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಅವ್ವನಿಗೆ ಮಂಡಿನೋವು. ನಾಡಿದ್ದು ಹಬ್ಬ. ಊರ ಹುಡುಗರನ್ನೆಲ್ಲ ನಡುಗಿಸುವ ಗಂಡಸು ನಾನು, ಹಡೆದವ್ವನ ಮುಂದೆ ಒಂದು ಮಾತು ಎತ್ತಲಾರದೆ ಹೋದೆ. ಆಕೆ ಎರಡನೆಯ ಸಲ ಕೇಳಲಿಲ್ಲ. ಹಾಗೆಂದು ಮುಖ ಗಂಟು ಹಾಕಿಕೊಂಡು ಕೂತವಳೂ ಅಲ್ಲ. ಅದೇ ಓಟ, ಅದೇ ಮಾತು, ಹುಬ್ಬಳ್ಳಿಯ ಸುದ್ದಿ ಬಂದರೆ ತಾನೇ ಹವಾಲ್ದಾರನ ಮೀಸೆ ತಿರುವಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಹತ್ತು ವರ್ಷ ಹಾಗೆ ನಗಿಸಿದಳು. ಆ ಹತ್ತು ವರ್ಷದಲ್ಲಿ ಅಪ್ಪ ಹೋದರು, ಆಮೇಲೆ ಅವ್ವನೂ ಹೋದಳು. ತಮ್ಮಂದಿರು ಬೇರೆ ಊರಿಗೆ ನೌಕರಿಗೆ ಹೋದರು. ಅಡ್ಡಿ ಮಾಡುವವರು ಯಾರೂ ಉಳಿಯಲಿಲ್ಲ. ಮಕ್ಕಳ ನಾಲಿಗೆ ಮಾತ್ರ ವೈನಿ ಎಂದೇ ಹೊರಳುತ್ತಿತ್ತು. ಇನ್ನು ಈ ವಯಸ್ಸಿನಲ್ಲಿ ಏನು ಎಂದು ನಾನೂ ಸುಮ್ಮನಿದ್ದೆ.

ಈಚೆಗೆ ಆಕೆಗೆ ಜ್ವರ ಬಂತು, ಅದು ವಿಷಮಜ್ವರವೆಂದು ಗೊತ್ತಾದಾಗ ಎರಡು ವಾರವಾಗಿತ್ತು. ಯುದ್ಧದ ಕಾಲ, ಬೇಕಾದ ಔಷಧ ಸಿಗಲಿಲ್ಲ. ದೊಡ್ಡವಳು ಗಂಡನ ಮನೆಯಿಂದ ಬಂದಳು. ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ತಲೆ ಅಲ್ಲಾಡಿಸಿದರು. ನನಗೆ ರೈಲಿನ ಮಾತು ನೆನಪಾಯಿತು. ಮಕ್ಕಳಿಬ್ಬರನ್ನೂ ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅವ್ವಾ ಅನ್ರಿ ಆಕಿಗೆ! ಈಗ ಅನ್ರಿ! ಆಕಿ ನನಗ ಕೇಳಿದ್ದು ಅದೊಂದ!" ಎಂದು ಚೀರಿದೆ. ಅವು ಹೆದರಿ ನನ್ನನ್ನು ನೋಡಿದವು, ಆಮೇಲೆ ತಿಳಿದುಕೊಂಡವು. ಹಾಸಿಗೆಯ ಹತ್ತಿರ ಬಂದು ಕೂತು, ಹೊಸ ಮಾತು ಕಲಿಯುವವರಂತೆ ತಡವರಿಸಿ, ಇಬ್ಬರೂ ಕರೆದರು.

"ಅವ್ವಾ."

ಆಕೆ ಕಣ್ಣು ಬಿಡಲಿಲ್ಲ.

"ಅವ್ವಾ" ಎಂದಳು ಸಣ್ಣವಳು, ಇನ್ನೂ ಗಟ್ಟಿಯಾಗಿ.

ಆಕೆ ಗಡಬಡಿಸಿ ಕಣ್ಣು ತೆರೆದಳು. ಬಾಗಿಲ ಕಡೆ ನೋಡಿದಳು. ಎತ್ತಲಾಗದ ಕೈಯನ್ನು ಎತ್ತಿ, ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ತಡಕಾಡತೊಡಗಿದಳು. "ಅತ್ತಿಯವರು ಬಂದ್ರೇನ್ರಿ?" ಎಂದಳು. "ಎಬ್ಬಸ್ರಿ ನನ್ನ. ಮಲಗೇ ಇದ್ದೇನಿ."

ಮಕ್ಕಳು ತಡೆಯಲಾರದೆ ವೈನೀ, ವೈನೀ ಎಂದು ಆಕೆಯ ಎದೆಯ ಮೇಲೆ ಬಿದ್ದು ಅತ್ತರು. ಆ ಕರೆಗೆ ಮಾತ್ರ ಆಕೆ ಓಗೊಟ್ಟಳು, "ನೀವೇನ" ಎಂದು ಕೈ ಕೆಳಗಿಳಿಸಿದಳು. ಮರುದಿನ ಮುಂಜಾನೆ ಹೋದಳು. ಕೊಟ್ಟ ಮಾತನ್ನು ನಾನು ಹತ್ತು ವರ್ಷ ತಡಮಾಡಿ ನಡೆಸಿದೆ. ಆಕೆಯ ಮಕ್ಕಳು ಆಕೆಯನ್ನು ಅವ್ವಾ ಎಂದು ಕರೆದರು, ಅದು ತನ್ನನ್ನೇ ಕರೆದದ್ದೆಂದು ಆಕೆಗೆ ತಿಳಿಯಲಿಲ್ಲ.